21 ದಿನಕ್ಕೊಂದು ಸೂಜಿ

ಅಡುಗೆಮನೆಯ ಡಬ್ಬಿಯಲ್ಲಿ ಕಲ್ಲುಸಕ್ಕರೆ ಇದೆಯೇ ನೋಡಿ ಮಕ್ಕಳೇ. ಇದ್ದರೆ ಮನೆಯವರನ್ನು ಕೇಳಿ ಒಂದು ಹರಳು ತೆಗೆದುಕೊಳ್ಳಿ. ಜೊತೆಗೆ ಒಂದು ಚಿಟಿಕೆ ಮಾಮೂಲಿ ಸಕ್ಕರೆಯೂ ಇರಲಿ. ಮೊದಲು ಸಕ್ಕರೆಯನ್ನು ನಾಲಿಗೆಯ ಮೇಲೆ ಹಾಕಿಕೊಳ್ಳಿ. ಬಾಯಿತುಂಬ ಸಿಹಿ! ಆದರೆ ನಾಲ್ಕು ಸಲ ಉಗುಳು ನುಂಗುವುದರೊಳಗೆ ಎಲ್ಲ ಖಾಲಿ. ಈಗ ಕಲ್ಲುಸಕ್ಕರೆಯ ಹರಳನ್ನು ಕೆನ್ನೆಯ ಒಳಮೂಲೆಗೆ ತಳ್ಳಿಕೊಂಡು ಸುಮ್ಮನೆ ಕೂತುಬಿಡಿ. ಕಟಕಟ ಕಡಿಯುವ ಹಾಗಿಲ್ಲ, ಅದೇ ಈ ಆಟದ ನಿಯಮ. ಸಿಹಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಲೇ ಇರುತ್ತದೆ. ನೀವು ನುಂಗಿದಷ್ಟೂ ಹೊಸದಾಗಿ ಕರಗಿ ಬರುತ್ತದೆ. ಕೊನೆಗೆ ಹರಳು ಸವೆದು ತೆಳ್ಳಗಾದಾಗ ಬಾಯಿ ಮೆಲ್ಲಗೆ ಸಪ್ಪೆಯಾಗುತ್ತದೆ. ಯಾವ ಗಳಿಗೆಯಲ್ಲಿ ಸಿಹಿ ಮುಗಿಯಿತು ಎಂದು ಕೇಳಿದರೆ ನಿಮಗೂ ಹೇಳಲಾಗದು.

ಒಂದು ಔಷಧಿ ಇದೆ, ಅದು ನಮ್ಮ ಮೈಯೊಳಗೆ ಥೇಟ್ ಹೀಗೆಯೇ ಕರಗುತ್ತದೆ. ನಿಮ್ಮದೇ ವಯಸ್ಸಿನ ಅನೇಕ ಮಕ್ಕಳು ಮೂರು ವಾರಕ್ಕೊಮ್ಮೆ ಅದನ್ನು ಚುಚ್ಚಿಸಿಕೊಳ್ಳುತ್ತಾರೆ. ಒಂದೆರಡು ಸಲವಲ್ಲ, ವರ್ಷಗಟ್ಟಲೆ. ಇನ್ನೂ ವಿಚಿತ್ರವೆಂದರೆ, ಮಲಗಿ ನರಳುವಾಗಲ್ಲ. ಚೆನ್ನಾಗಿ ಉಂಡು, ಆಡಿಕೊಂಡು, ಶಾಲೆಗೆ ಹೋಗಿಕೊಂಡು ಇರುವಾಗ! ಇವರಲ್ಲಿ ಕೆಲವರು ತಪ್ಪದೆ ಹೋಗುತ್ತಾರೆ. ಕೆಲವರು ಹದಿಮೂರು ಹದಿನಾಲ್ಕು ವರ್ಷ ಆಗುತ್ತಿದ್ದಂತೆ ನಡುನಡುವೆ ತಪ್ಪಿಸುತ್ತಾರೆ, ಆಮೇಲೆ ಬಿಟ್ಟೇಬಿಡುತ್ತಾರೆ. ಯಾಕೆ ಹೀಗೆ? ಬನ್ನಿ, ಒಟ್ಟಿಗೆ ಕೂತು ಹುಡುಕೋಣ. ನನಗೆ ಈ ಹುಡುಕಾಟ ಬಲು ಇಷ್ಟ, ಯಾಕೆಂದರೆ ಇದರಲ್ಲಿ ರೋಗಾಣುವೂ ಬರುತ್ತದೆ, ಹೃದಯವೂ ಬರುತ್ತದೆ, ಹುಣ್ಣಿಮೆಯ ಚಂದ್ರನೂ ಬರುತ್ತಾನೆ.

ಎಲ್ಲ ಶುರುವಾಗುವುದು ಗಂಟಲಿನಿಂದ. ಗಂಟಲುನೋವು ಯಾರಿಗೆ ಬಂದಿಲ್ಲ? ಹೆಚ್ಚಿನವು ವೈರಸ್‌ನಿಂದ ಬರುವಂಥವು. ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ಕೆಲವು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಕೆಲವು ಗಂಟಲುನೋವಿಗೆ ಕಾರಣ ಬೇರೆ. ಅದೊಂದು ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡುದುಂಡಾದ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ. ಇದರ ಪೂರ್ತಿ ಹೆಸರು ಎ ಗುಂಪಿನ ಸ್ಟ್ರೆಪ್ಟೋಕಾಕಸ್. ನಾವು ಚಿಕ್ಕದಾಗಿ ಸ್ಟ್ರೆಪ್ ಎನ್ನೋಣ. ಐದರಿಂದ ಹದಿನೈದು ವರ್ಷದ ಮಕ್ಕಳ ಗಂಟಲೆಂದರೆ ಇದಕ್ಕೆ ಅಚ್ಚುಮೆಚ್ಚು. ಒಂದೇ ಕೋಣೆಯಲ್ಲಿ ಐದಾರು ಜನ ಒತ್ತಾಗಿ ಮಲಗುವ ಮನೆಗಳಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ಹರಡುತ್ತದೆ.

ಸ್ಟ್ರೆಪ್ ಬಂದಾಗ ನಮ್ಮ ಮೈ ಸುಮ್ಮನಿರುವುದಿಲ್ಲ. ರಕ್ತದಲ್ಲಿ ಪ್ರತಿಕಾಯಗಳೆಂಬ ಸೂಕ್ಷ್ಮ ವಸ್ತುಗಳು ತಯಾರಾಗುತ್ತವೆ. ರೋಗಾಣುವಿನ ಮೈಮೇಲಿನ ಗುರುತನ್ನು ಹಿಡಿದು, ಅದಕ್ಕೆ ಅಂಟಿಕೊಂಡು, ಅದನ್ನು ಮುಗಿಸುವುದು ಅವುಗಳ ಕೆಲಸ. ಸ್ಟ್ರೆಪ್‌ನ ಮೈಮೇಲೆ ಎಂ ಪ್ರೋಟೀನ್ ಎಂಬ ಗುರುತಿದೆ. ನ್ಯೂಯಾರ್ಕಿನ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿ ಈ ಗುರುತುಗಳನ್ನು ಬಿಡಿಸಿ ನೋಡುವುದರಲ್ಲೇ ತಮ್ಮ ಆಯಸ್ಸಿನ ಬಹುಭಾಗ ಕಳೆದರು. ತೊಂದರೆ ಏನೆಂದರೆ, ನಮ್ಮ ಹೃದಯದ ಕೆಲವು ಪ್ರೋಟೀನುಗಳೂ ನೋಡಲು ಹೆಚ್ಚುಕಡಿಮೆ ಹಾಗೆಯೇ ಇವೆ. ಸ್ಟ್ರೆಪ್ ಬಂದವರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ, ಹೆಚ್ಚೆಂದರೆ ಮೂವರಲ್ಲಿ, ಪ್ರತಿಕಾಯಗಳು ಗುರುತು ತಪ್ಪಿ ಸ್ವಂತ ಮೈಯ ಮೇಲೇ ಬೀಳುತ್ತವೆ.

ಹೀಗಾಗುವುದು ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದ ಮೇಲೆ. ಗಂಟಲುನೋವು ಬಂದಿತ್ತೆಂಬುದೇ ಮರೆತುಹೋಗಿರುತ್ತದೆ. ಒಂದು ದಿನ ಜ್ವರ, ಮಂಡಿ ಊದಿಕೊಂಡು ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಎರಡು ದಿನ ಬಿಟ್ಟು ನೋಡಿದರೆ ಮಂಡಿ ಸರಿಯಾಗಿದೆ, ಈಗ ನೋವು ಕಾಲಿನ ಹರಡಿಗೆ ಬಂದಿದೆ! ಆಮೇಲೆ ಮೊಣಕೈ. ಹೀಗೆ ಕೀಲಿನಿಂದ ಕೀಲಿಗೆ ಅಲೆಯುವ ಈ ಕಾಯಿಲೆಗೆ ರುಮ್ಯಾಟಿಕ್ ಜ್ವರ ಎಂದು ಹೆಸರು. ಕೆಲವು ಮಕ್ಕಳಲ್ಲಿ ಕೈಕಾಲು, ಮುಖ ತಾವಾಗಿಯೇ ಅಲುಗತೊಡಗುತ್ತವೆ. ಲೋಟ ಕೈಜಾರುತ್ತದೆ, ಮುದ್ದಾಗಿದ್ದ ಕೈಬರಹ ಇದ್ದಕ್ಕಿದ್ದಂತೆ ಸೊಟ್ಟಗಾಗುತ್ತದೆ. ಪಾಪ, ಎಷ್ಟೋ ಮಕ್ಕಳು ಇದಕ್ಕಾಗಿ ಬೈಸಿಕೊಂಡದ್ದುಂಟು.

ಕೀಲುನೋವು ಎಷ್ಟೇ ಜೋರಾಗಿದ್ದರೂ ಗುರುತುಳಿಯದಂತೆ ಹೋಗಿಬಿಡುತ್ತದೆ. ಹೃದಯದ ಮಾತು ಹಾಗಲ್ಲ. ಎದೆಯ ಎಡಬದಿಗೆ ಅಂಗೈ ಇಟ್ಟು ನೋಡಿ. ಲಬ್‌ಡಬ್ ಲಬ್‌ಡಬ್ ಎಂಬ ಸದ್ದಿದೆಯಲ್ಲ, ಅದು ಹೃದಯದೊಳಗಿನ ಕವಾಟಗಳು ಮುಚ್ಚಿಕೊಳ್ಳುವ ಸದ್ದು. ವಾಲ್ವ್ ಎಂದು ದೊಡ್ಡವರು ಹೇಳುವುದು ಇವನ್ನೇ. ಒಟ್ಟು ನಾಲ್ಕಿವೆ. ತೆಳ್ಳನೆಯ ಪೊರೆಯ ಈ ಕದಗಳು ರಕ್ತವನ್ನು ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ. ನಿಮಿಷಕ್ಕೆ 80 ಬಡಿತವೆಂದು ಇಟ್ಟುಕೊಂಡು ಒಂದು ಲೆಕ್ಕ ಮಾಡಿ: 80ನ್ನು 60ರಿಂದ, ಅದನ್ನು 24ರಿಂದ ಗುಣಿಸಿ. 1,15,200! ಒಂದೇ ದಿನಕ್ಕೆ ಇಷ್ಟು ಸಲ ತೆರೆದು ಮುಚ್ಚುವ ಕದ ಇನ್ನೆಲ್ಲಿದೆ ಹೇಳಿ?

ರುಮ್ಯಾಟಿಕ್ ಜ್ವರ ಬಂದಾಗ ಈ ಕದಗಳು ಊದಿಕೊಳ್ಳುತ್ತವೆ. ಊತ ಇಳಿದ ಮೇಲೆ ಕೆಲವರಿಗೆ ಏನೂ ಉಳಿಯದು, ಇನ್ನು ಕೆಲವರಿಗೆ ಅಂಚು ದಪ್ಪಗಾಗಿ ಕಲೆ ಕಟ್ಟುತ್ತದೆ. ಆಗ ಕದ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಬಹುದು, ಇಲ್ಲವೇ ಪೂರ್ತಿ ತೆರೆಯದೆ ದಾರಿ ಇಕ್ಕಟ್ಟಾಗಬಹುದು. ಈಗ ಬಹಳ ಮುಖ್ಯವಾದ ಮಾತು ಬಂತು, ನಿಧಾನವಾಗಿ ಓದಿ. ಒಮ್ಮೆ ಈ ಜ್ವರ ಬಂದವರಿಗೆ, ಸ್ಟ್ರೆಪ್ ಮತ್ತೆ ಗಂಟಲಿಗೆ ಬಂದರೆ ಜ್ವರವೂ ಮರಳಿ ಬರುವ ಸಂಭವ ಬೇರೆಯವರಿಗಿಂತ ತುಂಬ ಹೆಚ್ಚು. ಪ್ರತಿ ಸಲ ಬಂದಾಗಲೂ ಕಲೆಯ ಮೇಲೆ ಕಲೆ. ಹಾಗಾದರೆ ಮಾಡಬೇಕಾದ್ದೇನು? ಸ್ಟ್ರೆಪ್ ಮತ್ತೆ ಗಂಟಲಲ್ಲಿ ನೆಲೆಯೂರದಂತೆ ನೋಡಿಕೊಳ್ಳಬೇಕು. ಅಷ್ಟೇ.

ಸ್ಟ್ರೆಪ್‌ಗೆ ಪೆನಿಸಿಲಿನ್ ಕಂಡರೆ ಆಗದು. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಬೂಷ್ಟಿನಲ್ಲಿ ಕಂಡುಹಿಡಿದ ಔಷಧಿ ಇದು. ಅದಾದ ಮೇಲೆ ಎಷ್ಟೋ ಬ್ಯಾಕ್ಟೀರಿಯಾಗಳು ಪೆನಿಸಿಲಿನ್‌ಗೆ ಜಗ್ಗದಂತೆ ಬದಲಾಗಿಬಿಟ್ಟಿವೆ. ಆದರೆ ಎ ಗುಂಪಿನ ಸ್ಟ್ರೆಪ್ ಇಂದಿಗೂ ಆ ವಿದ್ಯೆ ಕಲಿತಿಲ್ಲ. ಯಾಕೆ ಕಲಿತಿಲ್ಲ ಎಂದು ವಿಜ್ಞಾನಿಗಳೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಮುಂದೆ ಉತ್ತರ ಹುಡುಕಿದರೆ ನನಗೆ ಪರಮ ಸಂತೋಷ.

ಪೆನಿಸಿಲಿನ್‌ನದೂ ಒಂದು ತೊಡಕಿತ್ತು. ಅದು ಮೈಯೊಳಗೆ ನಿಲ್ಲುತ್ತಲೇ ಇರಲಿಲ್ಲ. ಚುಚ್ಚಿದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಅದನ್ನು ಸೋಸಿ ಹೊರಗೆ ಕಳಿಸಿಬಿಡುತ್ತಿದ್ದವು. 1941ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಮೊದಲ ರೋಗಿಗಳಿಗೆ ಇದನ್ನು ಕೊಟ್ಟಾಗ ಔಷಧಿ ಎಷ್ಟು ದುರ್ಲಭವಾಗಿತ್ತೆಂದರೆ, ರೋಗಿಯ ಮೂತ್ರವನ್ನು ಹಿಡಿದಿಟ್ಟು, ಅದರಲ್ಲಿದ್ದ ಪೆನಿಸಿಲಿನ್ ಬೇರ್ಪಡಿಸಿ, ಮತ್ತೆ ಅದನ್ನೇ ಚುಚ್ಚುತ್ತಿದ್ದರು. ಮೂಗು ಮುರಿಯಬೇಡಿ, ಇದು ನಿಜವಾಗಿ ನಡೆದದ್ದು.

1950ರ ದಶಕದ ಆರಂಭಕ್ಕೆ ರಸಾಯನವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡರು. ಪೆನಿಸಿಲಿನ್ ಅನ್ನು ಬೆಂಜಥೀನ್ ಎಂಬ ಇನ್ನೊಂದು ವಸ್ತುವಿನ ಜೊತೆ ಕೂಡಿಸಿದರೆ ನೀರಿನಲ್ಲಿ ಸುಲಭವಾಗಿ ಕರಗದ ಹರಳಾಗುತ್ತದೆ. ನಿಮ್ಮ ಕೆನ್ನೆಯ ಮೂಲೆಯ ಕಲ್ಲುಸಕ್ಕರೆ ನೆನಪಿದೆಯಲ್ಲ? ಮಾಮೂಲಿ ಪೆನಿಸಿಲಿನ್ ಎಂದರೆ ಆ ಚಿಟಿಕೆ ಸಕ್ಕರೆ. ಬೆಂಜಥೀನ್ ಪೆನಿಸಿಲಿನ್ ಎಂದರೆ ಆ ಹರಳು. ನೀವು ಉಗುಳು ನುಂಗುತ್ತಿದ್ದಿರಲ್ಲ, ಆ ಕೆಲಸವನ್ನು ಇಲ್ಲಿ ಮೂತ್ರಪಿಂಡ ಮಾಡುತ್ತದೆ. ಪೃಷ್ಠದ ದಪ್ಪ ಸ್ನಾಯುವಿನೊಳಗೆ ಇಟ್ಟ ಹರಳುಗಳಿಂದ ಔಷಧಿ ಚೂರುಚೂರೇ ಕರಗಿ ರಕ್ತಕ್ಕೆ ಇಳಿಯುತ್ತದೆ. ಮೂರು ನಾಲ್ಕು ವಾರ ಕಳೆಯುವ ಹೊತ್ತಿಗೆ ಹರಳು ಸವೆದು ಸಿಹಿ ಸಪ್ಪೆಯಾಗುತ್ತದೆ. ಸಪ್ಪೆಯಾದದ್ದು ನಾಲಿಗೆಗೆ ತಿಳಿಯುತ್ತದೆ, ಆದರೆ ರಕ್ತದಲ್ಲಿ ಪೆನಿಸಿಲಿನ್ ಮುಗಿದದ್ದು ಮಗುವಿಗೆ ತಿಳಿಯುವುದಿಲ್ಲ. ಅದಕ್ಕೇ ನಮ್ಮ ದೇಶದಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಹೊಸ ಹರಳು ಇಡುತ್ತಾರೆ. ಕೆಲವು ದೇಶಗಳಲ್ಲಿ 28 ದಿನ. ಆಸ್ಪತ್ರೆಗಳಲ್ಲಿ ಇದನ್ನು ಪೆನಿಡ್ಯೂರ್ ಇಂಜೆಕ್ಷನ್ ಎಂದು ಕರೆಯುವುದೇ ಹೆಚ್ಚು.

ಎಷ್ಟು ವರ್ಷ? ಹೃದಯಕ್ಕೆ ಏನೂ ಆಗಿಲ್ಲದಿದ್ದರೆ ಕಡಿಮೆಯೆಂದರೂ 5 ವರ್ಷ. ಹೃದಯಕ್ಕೆ ತಗಲಿದ್ದರೆ 10 ವರ್ಷ ಅಥವಾ ಇನ್ನೂ ಹೆಚ್ಚು. ಕವಾಟ ತೀರ ಕೆಟ್ಟಿದ್ದರೆ ನಲವತ್ತು ವರ್ಷ ವಯಸ್ಸಾಗುವವರೆಗೂ, ಕೆಲವರಿಗೆ ಬದುಕಿರುವಷ್ಟು ಕಾಲವೂ. 365ನ್ನು 21ರಿಂದ ಭಾಗಿಸಿ ನೋಡಿ, ವರ್ಷಕ್ಕೆ 17 ಸೂಜಿ. ಹತ್ತು ವರ್ಷಕ್ಕೆ 170 ದಾಟುತ್ತದೆ.

ಟಿವಿಯಲ್ಲಿ ಕಾಣುವ ಚಕ್ಕಂತ ಮುಗಿಯುವ ಸೂಜಿಯಲ್ಲ ಇದು. ಸಿಸ್ಟರ್ ಒಂದು ಪುಟ್ಟ ಸೀಸೆ ತೆಗೆಯುತ್ತಾರೆ, ಅದರಲ್ಲಿ ಬಿಳೀ ಪುಡಿ. ಅದಕ್ಕೆ ಶುದ್ಧ ನೀರು ಸೇರಿಸಿ ಚೆನ್ನಾಗಿ ಕುಲುಕಿದರೆ ಮಂದವಾದ ಬಿಳೀ ದ್ರವವಾಗುತ್ತದೆ. ಪುಡಿ ಕರಗಿರುವುದಿಲ್ಲ, ಸಣ್ಣ ಹರಳುಗಳಾಗಿ ತೇಲುತ್ತಿರುತ್ತದೆ. ಹಾಗಾಗಿ ತೆಳು ಸೂಜಿ ನಡೆಯದು, ದಪ್ಪ ಸೂಜಿಯೇ ಬೇಕು. ತಡಮಾಡಿದರೆ ಹರಳು ಸೂಜಿಯಲ್ಲಿ ಕಟ್ಟಿಕೊಂಡು ಮತ್ತೆ ಚುಚ್ಚಬೇಕಾಗುತ್ತದೆ. ಚುಚ್ಚಿದ ಜಾಗ ಆ ದಿನ, ಕೆಲವೊಮ್ಮೆ ಮರುದಿನವೂ, ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತದೆ. ಶಾಲೆಯ ಬೆಂಚಿನ ಮೇಲೆ ಒಂದೇ ಬದಿಗೆ ಒರಗಿ ಕೂರಬೇಕು.

ಈಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಎಂಟು ವರ್ಷದವಳಿದ್ದಾಗ ಅವಳಿಗೆ ಮಂಡಿ ಊದಿತ್ತು. ಅಂದಿನಿಂದ ಅಮ್ಮ ತಾರೀಖು ನೆನಪಿಟ್ಟು, ಕೈಹಿಡಿದು ಕರೆದೊಯ್ದು, ಬರುವಾಗ ಬಸ್ ನಿಲ್ದಾಣದಲ್ಲಿ ಏನಾದರೂ ಕೊಡಿಸಿ ತರುತ್ತಿದ್ದರು. ಈಗ ಅವಳು ಅಮ್ಮನಷ್ಟೇ ಎತ್ತರ. "ನೀನೇ ಹೋಗಿ ಬಾರೇ, ದೊಡ್ಡವಳಾಗಿದ್ದೀಯ" ಎನ್ನುತ್ತಾರೆ ಅಮ್ಮ. ತಾರೀಖು ಬರೆದ ಕಾರ್ಡು ಯಾರ ಹತ್ತಿರ ಇರಬೇಕು? ಅಮ್ಮ ಮಗಳ ಚೀಲದಲ್ಲಿದೆ ಎಂದುಕೊಂಡಿದ್ದಾರೆ, ಮಗಳು ಅಮ್ಮನ ಬೀರುವಿನಲ್ಲಿದೆ ಎಂದುಕೊಂಡಿದ್ದಾಳೆ. ಕಾರ್ಡು ಅಮ್ಮನ ಕೈಯಿಂದ ಮಗಳ ಕೈಗೆ ಬರುವ ಈ ವರ್ಷಗಳಲ್ಲೇ ಅತಿ ಹೆಚ್ಚು ಸೂಜಿಗಳು ತಪ್ಪಿಹೋಗುವುದು.

ಕಾರ್ಡು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಆ ದಿನ ಗಣಿತದ ಕಿರುಪರೀಕ್ಷೆ. ತಪ್ಪಿಸಿದರೆ ಮೇಷ್ಟ್ರು ಕಾರಣ ಕೇಳುತ್ತಾರೆ, ಎಲ್ಲರ ಎದುರು. "ಏನೇ ನಿನಗೆ ಕಾಯಿಲೆ, ಪ್ರತಿ ತಿಂಗಳೂ ಆಸ್ಪತ್ರೆಗೆ ಹೋಗ್ತೀಯ?" ಎಂದು ಗೆಳತಿಯರು ಕೇಳುತ್ತಾರೆ. ಹೃದಯದ ಕಾಯಿಲೆ ಎಂದರೆ ಮುಂದೆ ಮದುವೆಗೆ ತೊಡಕಾದೀತೆಂದು ಅಜ್ಜಿ ಯಾರಿಗೂ ಹೇಳಬೇಡ ಎಂದಿದ್ದಾರೆ. ಹದಿಹರೆಯದಲ್ಲಿ ಎಲ್ಲರಂತೆ ಇರಬೇಕೆಂಬ ಆಸೆ ಬಲು ದೊಡ್ಡದು. ಎಲ್ಲರಂತಲ್ಲ ಎಂದು 21 ದಿನಕ್ಕೊಮ್ಮೆ ನೆನಪಿಸುವ ಸೂಜಿಯ ಮೇಲೆ ಯಾರಿಗೆ ತಾನೇ ಪ್ರೀತಿ ಬಂದೀತು?

ಎಲ್ಲಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದಿದೆ. ತಲೆನೋವಿಗೆ ಮಾತ್ರೆ ನುಂಗಿದರೆ ನೋವು ಹೋಗುತ್ತದೆ, ಮಾತ್ರೆ ಕೆಲಸ ಮಾಡಿತೆಂದು ನಮಗೇ ಗೊತ್ತಾಗುತ್ತದೆ. ಕಾಯಿಲೆ ಬರದಂತೆ ತಡೆಯುವ ಔಷಧಿ ಹಾಗಲ್ಲ. ಅದು ಗೆದ್ದಾಗ ಏನೂ ಆಗುವುದಿಲ್ಲ! ಹುಡುಗಿ ಒಂದು ಸೂಜಿ ತಪ್ಪಿಸಿದಳು, ಏನೂ ಆಗಲಿಲ್ಲ. ಇನ್ನೊಂದು ತಪ್ಪಿಸಿದಳು, ಆಗಲೂ ಏನೂ ಆಗಲಿಲ್ಲ. ಚುಚ್ಚಿಸಿಕೊಂಡರೂ ಚೆನ್ನಾಗಿದ್ದೇನೆ, ಬಿಟ್ಟರೂ ಚೆನ್ನಾಗಿದ್ದೇನೆ, ಮತ್ಯಾಕೆ ನೋವು ತಿನ್ನಬೇಕು ಎಂದು ಅವಳು ಕೇಳಿದರೆ ಅದು ದಡ್ಡ ಪ್ರಶ್ನೆಯೇನಲ್ಲ. ಉತ್ತರ ಇಷ್ಟೇ: ಸ್ಟ್ರೆಪ್ ಯಾವ ದಿನ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಹರಳು ಕರಗಿ ಮುಗಿದು, ಹೊಸದು ಇಡದೆ ಉಳಿದ ದಿನಗಳೇ ಅಪಾಯದ ದಿನಗಳು. ಆಸ್ಟ್ರೇಲಿಯಾದ ವೈದ್ಯರು ಎಷ್ಟು ಸೂಜಿ ತಪ್ಪಿತು ಎಂಬುದರ ಜೊತೆಗೆ ಹೀಗೆ ಬರಿದಾಗಿ ಉಳಿದ ದಿನಗಳನ್ನೂ ಎಣಿಸುತ್ತಾರೆ. ನನಗೆ ಈ ಎಣಿಕೆಯೇ ಹೆಚ್ಚು ಸರಿ ಎನಿಸುತ್ತದೆ. ಒಂದು ತಿಂಗಳು ತಡವಾದವಳಿಗೆ "ಇಷ್ಟು ದಿನ ಬಿಟ್ಟೆ, ಇನ್ನೇನು ಪ್ರಯೋಜನ" ಎಂದು ಅನಿಸಬಾರದು. ಇವತ್ತು ಹೋದರೆ ನಾಳೆಯಿಂದ ಅಪಾಯದ ದಿನಗಳ ಎಣಿಕೆ ನಿಲ್ಲುತ್ತದೆ.

ಹಾಗಾದರೆ ಸೂಜಿಯ ಬದಲು ದಿನಾ ಮಾತ್ರೆ ಕೊಡಬಾರದೇ ಎಂದು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ, ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 1950ರ ದಶಕದಲ್ಲಿ ನ್ಯೂಯಾರ್ಕ್ ಬಳಿಯ ಇರ್ವಿಂಗ್ಟನ್ ಹೌಸ್ ಎಂಬಲ್ಲಿ ಈ ಜ್ವರ ಬಂದುಹೋದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ದಿನಾ ಸಲ್ಫಾ ಮಾತ್ರೆ, ಇನ್ನೊಂದಕ್ಕೆ ದಿನಾ ಪೆನಿಸಿಲಿನ್ ಮಾತ್ರೆ, ಮೂರನೆಯದಕ್ಕೆ ತಿಂಗಳಿಗೊಂದು ಸೂಜಿ. ವರ್ಷಗಳ ಮೇಲೆ ನೋಡಿದರೆ ಸೂಜಿಯ ಗುಂಪಿನಲ್ಲಿ ಜ್ವರ ಮರುಕಳಿಸಿದ್ದು ತೀರ ಕಡಿಮೆ. ದಿನಾ ಮಾತ್ರೆ ಎಂದರೆ ವರ್ಷಕ್ಕೆ 365 ಸಲ ನೆನಪಿಡಬೇಕಲ್ಲವೇ? ಮನೆಯಲ್ಲಿ ಯಾರಾದರೂ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿದ್ದರೆ ಒಂದೂ ಮರೆತಿಲ್ಲವೇ ಎಂದು ಕೇಳಿ ನೋಡಿ, ದೊಡ್ಡವರ ಮುಖ ನೋಡುವ ಹಾಗಿರುತ್ತದೆ.

ಸೂಜಿ ಬಿಡುವಂತಿಲ್ಲ ಎಂದಾದರೆ ಅದರ ನೋವನ್ನಾದರೂ ಕಡಿಮೆ ಮಾಡಬಹುದಲ್ಲ. ಫ್ರಿಜ್‌ನಿಂದ ತೆಗೆದ ಔಷಧಿಯಾದರೆ ತಣ್ಣಗಿರುವಾಗಲೇ ಚುಚ್ಚದೆ ಸ್ವಲ್ಪ ಹೊತ್ತು ಹೊರಗಿಡುವುದು, ಚುಚ್ಚುವ ಜಾಗವನ್ನು ಮೊದಲು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಗಟ್ಟಿಯಾಗಿ ಒತ್ತುವುದು, ಔಷಧಿಯನ್ನು ಎರಡು ಮೂರು ನಿಮಿಷ ಹಿಡಿದು ನಿಧಾನವಾಗಿ ಬಿಡುವುದು, ಡಾಕ್ಟರು ಒಪ್ಪಿದರೆ ಮರಗಟ್ಟಿಸುವ ಲಿಗ್ನೊಕೇನ್ ಬೆರೆಸುವುದು. ಇವೆಲ್ಲ ದೊಡ್ಡ ಖರ್ಚಿನ ವಿದ್ಯೆಗಳೇನಲ್ಲ. ಆದರೆ ಹೊರಗೆ ಐವತ್ತು ಜನ ಸಾಲು ನಿಂತಿರುವಾಗ ಒಂದು ಮಗುವಿಗೆ ಮೂರು ನಿಮಿಷ ಕೊಡಲು ಸಿಸ್ಟರ್‌ಗೆ ಬಿಡುವು ಇರಬೇಕಲ್ಲ.

ಇನ್ನು ಆ ಹುಣ್ಣಿಮೆಯ ವಿಷಯ. ಆಸ್ಟ್ರೇಲಿಯಾದ ನಡುಭಾಗದ ಮರಳುಗಾಡಿನಲ್ಲಿ ಮೂಲನಿವಾಸಿಗಳ ಪುಟ್ಟ ಪುಟ್ಟ ಊರುಗಳಿವೆ. ಜಗತ್ತಿನಲ್ಲಿ ರುಮ್ಯಾಟಿಕ್ ಜ್ವರ ಅತಿ ಹೆಚ್ಚಾಗಿರುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಸೂಜಿ 28 ದಿನಕ್ಕೊಮ್ಮೆ. ಕ್ಯಾಲೆಂಡರ್ ನೋಡಿ ದಿನ ಎಣಿಸುವ ಬದಲು ಅಲ್ಲಿನ ಆರೋಗ್ಯ ಕಾರ್ಯಕರ್ತರು ಆಕಾಶ ನೋಡಿದರು. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. 28ಕ್ಕೆ ಹತ್ತಿರವೇ ಆಯಿತಲ್ಲ! ಹುಣ್ಣಿಮೆ ಬಂತೆಂದರೆ ಸೂಜಿಯ ಹೊತ್ತು ಬಂತು ಎಂದು ಗೊತ್ತುಮಾಡಿ ನೋಡಿದರು. ಕಾರ್ಡು ಕಳೆದುಹೋಗಬಹುದು, ಚಂದ್ರ ಕಳೆದುಹೋಗುವುದಿಲ್ಲ. ನಮ್ಮ 21 ದಿನದ ಲೆಕ್ಕಕ್ಕೆ ಇದು ಹೊಂದುವುದಿಲ್ಲವೆನ್ನಿ. ನಮಗೆ ಬೇರೆ ಸುಲಭದ ದಾರಿ ಇದೆ: 21 ಎಂದರೆ ಸರಿಯಾಗಿ ಮೂರು ವಾರ. ಮೊದಲ ಸೂಜಿ ಶನಿವಾರ ಬಿದ್ದರೆ ಮುಂದಿನವೂ ಶನಿವಾರವೇ ಬೀಳುತ್ತವೆ. ಅರ್ಧ ದಿನದ ಶಾಲೆ, ಮರುದಿನ ಭಾನುವಾರ, ನೋವಿದ್ದರೂ ಮನೆಯಲ್ಲೇ ಒರಗಿರಬಹುದು.

ನೆನಪು ಮಾಡಿಕೊಟ್ಟರೆ ಸಾಕೇ? ಸಾಲದು. ಆಸ್ಟ್ರೇಲಿಯಾದ ಉತ್ತರ ಭಾಗದ ಒಂದು ದೂರದ ಊರಿನಲ್ಲಿ ಸೂಜಿ ತಪ್ಪಿಸುವವರನ್ನು ಸಂಶೋಧಕರು ಕೂರಿಸಿ ಮಾತಾಡಿಸಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ಓದುವಾಗ ನನಗೆ ಬೆರಗಾಯಿತು. ಬೇಡವೆಂದು ಹಟ ಹಿಡಿದವರು, ಕಾಯಿಲೆಯ ಬಗ್ಗೆ ಗೊತ್ತಿಲ್ಲದವರು ಅಲ್ಲಿ ವಿರಳ. ಆಸ್ಪತ್ರೆಯವರು ತಮ್ಮನ್ನು ಗುರುತಿಸುತ್ತಾರೆಯೇ, ಅಕ್ಕರೆಯಿಂದ ಮಾತಾಡಿಸುತ್ತಾರೆಯೇ, ಬರದಿದ್ದಾಗ ಹುಡುಕಿಕೊಂಡು ಬರುತ್ತಾರೆಯೇ ಎನ್ನುವುದರ ಮೇಲೆ ಬಹಳಷ್ಟು ನಿಂತಿತ್ತು. ನಾವು ಹಿರಿಯರು ಹದಿಹರೆಯದವರನ್ನು ಸೋಮಾರಿ, ಉಡಾಫೆ ಎಂದು ಬೈಯುವುದು ಎಷ್ಟು ಸುಲಭ! ಆ ಸೋಮಾರಿತನದ ಒಂದು ಪಾಲು ಆಸ್ಪತ್ರೆಯ ಕಿಟಕಿಯ ಆಚೆಗೂ ಇರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಆಫ್ರಿಕಾದ ಉಗಾಂಡಾ ದೇಶದ್ದು. ಆ ದೇಶದ ಉತ್ತರ ಭಾಗದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ಹೃದಯವನ್ನು ಹೊತ್ತೊಯ್ಯಬಹುದಾದ ಎಕೋ ಯಂತ್ರದಿಂದ ನೋಡಿದರು. ಎಕೋ ಎಂದರೆ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವುದು, ಒಂದಿಷ್ಟೂ ನೋವಿಲ್ಲ. ಯಾವ ತೊಂದರೆಯೂ ಇಲ್ಲದೆ ಆಡಿಕೊಂಡಿದ್ದ ಕೆಲವು ಮಕ್ಕಳ ಕವಾಟದಲ್ಲಿ ಸಣ್ಣ ಬದಲಾವಣೆ ಶುರುವಾಗಿರುವುದು ಕಂಡಿತು. ಅಂಥ ಮಕ್ಕಳಿಗೆ ಸೂಜಿ ಬೇಕೋ ಬೇಡವೋ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ಹಾಗಾಗಿ 5ರಿಂದ 17 ವರ್ಷದ 818 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ 4 ವಾರಕ್ಕೊಮ್ಮೆ ಸೂಜಿ ಕೊಟ್ಟರು. ಎರಡು ವರ್ಷದ ಕೊನೆಗೆ ಲೆಕ್ಕಕ್ಕೆ ಸಿಕ್ಕವರಲ್ಲಿ ಸೂಜಿ ಇಲ್ಲದ 400 ಮಕ್ಕಳ ಪೈಕಿ 33 ಮಂದಿಯ ಕವಾಟ ಇನ್ನಷ್ಟು ಕೆಟ್ಟಿತ್ತು. ಸೂಜಿ ಪಡೆದ 399ರಲ್ಲಿ ಕೇವಲ 3.

33 ಎಲ್ಲಿ, 3 ಎಲ್ಲಿ! ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ಇನ್ನೊಂದನ್ನು. ಆ ಮಕ್ಕಳು ಹೆಚ್ಚುಕಡಿಮೆ ಯಾರೂ ಸೂಜಿ ತಪ್ಪಿಸಲಿಲ್ಲ. ನಮ್ಮಂಥವೇ ಹಳ್ಳಿಗಳು, ನಮ್ಮಂಥದೇ ದೂರ, ಅದೇ ದಪ್ಪ ಸೂಜಿ. ಆದರೂ ಹೋದರು, ಯಾಕೆಂದರೆ ಅವರನ್ನು ಹೆಸರು ಹಿಡಿದು ಕರೆದು ವಿಚಾರಿಸುವವರು ಇದ್ದರು. ಅದೇ ದೇಶದಲ್ಲಿ ಈ ಕಾಯಿಲೆಯ ಮಕ್ಕಳನ್ನೆಲ್ಲ ಒಂದೆಡೆ ಸೇರಿಸಿ ಕೂಟ ನಡೆಸಿಯೂ ನೋಡಿದ್ದಾರೆ. "ಓ, ನಿನಗೂ ಸೂಜೀನಾ?" ಎಂದು ಕೇಳಲು ಇನ್ನೊಬ್ಬರಿದ್ದರೆ ಅರ್ಧ ಸಂಕೋಚ ಅಲ್ಲೇ ಹೋಗುತ್ತದೆ.

ನಮ್ಮ ನಾಡಿನಲ್ಲೂ ಇದು ದೂರದ ಮಾತಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಇಕ್ಕಟ್ಟಾದ ಕವಾಟ ಬಿಡಿಸಿಕೊಳ್ಳಲು ಬರುವವರಲ್ಲಿ ಬಹಳ ಜನರದ್ದು ಮಕ್ಕಳಾಗಿದ್ದಾಗ ಬಂದುಹೋದ ರುಮ್ಯಾಟಿಕ್ ಜ್ವರದ ಕತೆ. ತೊಡೆಯ ರಕ್ತನಾಳದಿಂದ ಪುಟ್ಟ ಬಲೂನನ್ನು ಹೃದಯದವರೆಗೆ ಒಯ್ದು, ಅಲ್ಲಿ ಅದನ್ನು ಊದಿಸಿ, ಅಂಟಿಕೊಂಡ ಕದ ಬಿಡಿಸುತ್ತಾರೆ. ಅದು ಅದ್ಭುತವಾದ ಚಿಕಿತ್ಸೆಯೇ. ಆದರೂ ಇಷ್ಟು ದೂರ ಬರುವುದನ್ನು ತಡೆಯಲು ಮೊದಲೇ ಸೂಜಿಯಿತ್ತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಇನ್ನು ನಮ್ಮ ಆ ಒಂಬತ್ತನೆಯ ತರಗತಿಯ ಹುಡುಗಿ ಆಸ್ಪತ್ರೆಗೆ ಹೋದರೂ ಸೂಜಿ ಸಿಗದೆ ಮರಳುವುದುಂಟು. ಪೆನಿಸಿಲಿನ್ ಕೆಲವರಿಗೆ ಒಗ್ಗುವುದಿಲ್ಲ, ಬಹಳ ಅಪರೂಪಕ್ಕೆ ಜೀವಕ್ಕೇ ಕುತ್ತು ಬರುತ್ತದೆ. ಆ ಹೆದರಿಕೆಗೆ ಎಷ್ಟೋ ಕಡೆ "ಟೆಸ್ಟ್ ಡೋಸ್ ಕೊಡಬೇಕು, ನಮ್ಮಲ್ಲಿ ಆಗೋದಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಕಳಿಸಿಬಿಡುತ್ತಾರೆ. ಇನ್ನು ಕೆಲವು ಸಲ ಔಷಧಿಯೇ ಇರುವುದಿಲ್ಲ. ತೀರ ಅಗ್ಗದ ಔಷಧಿ ಇದು. ಲಾಭ ಕಡಿಮೆಯಾದ್ದರಿಂದ ತಯಾರಿಸುವ ಕಂಪನಿಗಳೂ ಕಡಿಮೆ. ಕಳೆದ ದಶಕದಲ್ಲಿ ಹಲವು ದೇಶಗಳಲ್ಲಿ ಇದರ ಕೊರತೆ ಬಿತ್ತು. ಬಸ್ ಚಾರ್ಜು ಕೊಟ್ಟು, ಅಪ್ಪನ ಒಂದು ದಿನದ ಕೂಲಿ ಕಳೆದುಕೊಂಡು, ಬರಿಗೈಯಲ್ಲಿ ಮರಳಿದವರು ಮುಂದಿನ ಸಲ ಹೊರಡಲು ಹಿಂದೆಮುಂದೆ ನೋಡಿದರೆ ತಪ್ಪು ಯಾರದು?

2018ರಲ್ಲಿ ಜಗತ್ತಿನ ದೇಶಗಳೆಲ್ಲ ವಿಶ್ವ ಆರೋಗ್ಯ ಸಭೆಯಲ್ಲಿ ಸೇರಿ ಈ ಕಾಯಿಲೆಯನ್ನು ಹತ್ತಿಕ್ಕಬೇಕೆಂದು ನಿರ್ಣಯ ಮಾಡಿದವು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ವಿಜ್ಞಾನಿಗಳು ಸ್ನಾಯುವಿನ ಬದಲು ಚರ್ಮದ ಕೆಳಗೆ ಒಮ್ಮೆಗೇ ಹೆಚ್ಚು ಔಷಧಿ ಇಟ್ಟು, ಎರಡು ಮೂರು ತಿಂಗಳಿಗೊಂದು ಸಲ ಸಾಕಾಗುವಂತೆ ಮಾಡಲು ಪ್ರಯತ್ನಿಸುತ್ತಿದ್ದಾರೆ. ಅಂದರೆ ಇನ್ನೂ ದೊಡ್ಡ ಹರಳು! ಅದು ಎಲ್ಲ ಕಡೆ ಬರುವವರೆಗೆ ನಮ್ಮ ಮಕ್ಕಳಿಗೆ 21 ದಿನದ ಸೂಜಿಯೇ ಗತಿ.

ಈಗ ನಿಮಗೆ ಎರಡು ಕೆಲಸ ಹೇಳುತ್ತೇನೆ. ಒಂದು, ಜ್ವರದ ಜೊತೆ ಗಂಟಲು ನೋಯುತ್ತಿದ್ದು, ನುಂಗಲು ಕಷ್ಟವಾಗಿ, ಕೆಮ್ಮು ನೆಗಡಿ ಇಲ್ಲದಿದ್ದರೆ ಮುಚ್ಚಿಡದೆ ಮನೆಯಲ್ಲಿ ಹೇಳಿ, ಡಾಕ್ಟರಿಗೆ ತೋರಿಸಿ. ಅವರು ಹತ್ತು ದಿನದ ಮಾತ್ರೆ ಕೊಟ್ಟರೆ, ಮೂರನೆಯ ದಿನಕ್ಕೇ ಆರಾಮವಾದರೂ ಹತ್ತೂ ದಿನ ನುಂಗಿ ಮುಗಿಸಿ. ಇನ್ನೊಂದು, ನಿಮ್ಮ ತರಗತಿಯಲ್ಲಿ ಮೂರು ವಾರಕ್ಕೊಮ್ಮೆ ಗೈರುಹಾಜರಾಗುವ ಗೆಳತಿಯೋ ಗೆಳೆಯನೋ ಇದ್ದರೆ, ಎಲ್ಲರೆದುರು ಕಾರಣ ಕೇಳಬೇಡಿ. ಆ ದಿನದ ನೋಟ್ಸ್ ಬರೆದಿಟ್ಟು ಕೊಡಿ. ಅವರಾಗಿಯೇ ಹೇಳಿಕೊಂಡರೆ, ಮುಂದಿನ ಶನಿವಾರ ಜೊತೆಗೆ ಬರಲೇ ಎಂದು ಕೇಳಿ.